ಎರಡು ಅಂಕಣ

2018ರ ಮೇ ತಿಂಗಳ ಕೊನೆಯಲ್ಲಿ ಮುಂಬಯಿಯಲ್ಲಿ ಪ್ರೊ ಕಬಡ್ಡಿ ಲೀಗಿನ ಆರನೆಯ ಆವೃತ್ತಿಗಾಗಿ ಆಟಗಾರರ ಹರಾಜು ನಡೆಯಿತು. ಕಬಡ್ಡಿ ಆಟಗಾರನ ಬೆಲೆ ಕೋಟಿ ಮುಟ್ಟಿದ್ದು ಅದೇ ಮೊದಲು. ಒಬ್ಬರಲ್ಲ, ಆರು ಮಂದಿ ಆ ಗಡಿಗೆ ಬಂದು ನಿಂತರು. ಆ ಸಡಗರದ ನಡುವೆ ಯು ಮುಂಬಾ ತಂಡ 36 ಲಕ್ಷ 40 ಸಾವಿರ ರೂಪಾಯಿಗೆ ಒಬ್ಬ ಹೊಸ ರೈಡರ್‌ನನ್ನು ಕೊಂಡಿತು. ಹೆಸರು ಸಿದ್ಧಾರ್ಥ ದೇಸಾಯಿ. ಊರು ಕೊಲ್ಲಾಪುರ ಜಿಲ್ಲೆಯ ಚಂದಗಡ ತಾಲ್ಲೂಕು, ಅಂದರೆ ನಮ್ಮ ಬೆಳಗಾವಿಯ ನೆರೆಮನೆ.

ಡೊಂಬಿವಲಿಯ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಆಗ ಒಬ್ಬ ಹಿರಿಯರಿದ್ದರು. ಕಾರ್ಕಳದ ಕಡೆಯವರು, ಎಲ್ಲರಿಗೂ ‘ಅಣ್ಣ’. ಹರೆಯದಲ್ಲಿ ಪರೇಲಿನ ಒಂದು ಬಟ್ಟೆ ಗಿರಣಿಯ ಕಬಡ್ಡಿ ತಂಡಕ್ಕೆ ಆಡಿದವರು. 1982ರ ಮುಷ್ಕರದ ಬಳಿಕ ಗಿರಣಿಯೂ ಹೋಯಿತು, ತಂಡವೂ ಹೋಯಿತು. ಆಟ ಮಾತ್ರ ಅವರನ್ನು ಬಿಡಲಿಲ್ಲ. ಪ್ರತಿ ಹರಾಜಿನ ಮರುದಿನ ಒಂದು ಹಳೆಯ ಲೆಕ್ಕದ ಪುಸ್ತಕ ತೆರೆದು, ಹಾಳೆಯ ನಡುವೆ ಗೆರೆ ಎಳೆದು, ಎಡಗಡೆ ‘ಬಲ’, ಬಲಗಡೆ ‘ಕೊರತೆ’ ಎಂದು ಬರೆಯುವುದು ಅವರ ವ್ರತ. ಕಣ್ಣು ಮಂಜಾದ ಮೇಲೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

“ಬರೆಯಿರಿ ಮಾಷ್ಟ್ರೇ, ಕೈ ಉದ್ದ,” ಎಂದರು. ಓಡುತ್ತಲೇ ಕೈ ಚಾಚಿ ಮುಟ್ಟಿ ಬರುವವನಿಗೆ ಉದ್ದ ಕೈಯೇ ಬಂಡವಾಳ. ಎದುರಾಳಿಗೆ ತಾನು ದೂರವಿದ್ದೇನೆ ಎಂಬ ಭ್ರಮೆ ಇರುವಾಗಲೇ ಮುಟ್ಟಿ ಆಗಿರುತ್ತದೆ. ಎರಡನೆಯದು, ಸೊಂಟಕ್ಕೆ ಒಬ್ಬ ಜೋತುಬಿದ್ದರೂ ಅವನನ್ನು ಹೊತ್ತುಕೊಂಡು ಮಧ್ಯರೇಖೆಗೆ ಬರಬಲ್ಲ ಮೈಕಟ್ಟು. ಬಲಗಡೆಗೆ ಬಂದಾಗ ಅಣ್ಣ ತುಸು ತಡೆದರು. “ಎತ್ತರದವನ ಕಣಕಾಲು ಹಿಡಿಯುವವನಿಗೆ ಹಬ್ಬ. ಬೋನಸ್ಸಿಗೆ ಹೋಗುವ ತಾಳ್ಮೆ ಉಂಟೋ ಇಲ್ಲವೋ ಕಾಣಬೇಕು. ಮತ್ತೆ, ಇವನೊಬ್ಬನೇ ಎಷ್ಟು ಸಲ ಹೋಗಬೇಕಾದೀತು?”

ಆ ಕೊನೆಯ ಮಾತು ಕೊರತೆಯಲ್ಲ, ಪ್ರಶ್ನೆ ಎಂದೆ ನಾನು. “ಅದಕ್ಕೇ ಬಲಗಡೆ ಬರೆಯಿರಿ,” ಎಂದರು.

ಪುಟ ಹಿಂದಕ್ಕೆ ತಿರುವಿದರೆ 2014ರ ಹಾಳೆ ಸಿಗುತ್ತಿತ್ತು, ಅಣ್ಣನ ಸ್ವಂತ ಅಕ್ಷರದಲ್ಲಿ. ಲೀಗ್ ಆರಂಭವಾದ ಆ ವರ್ಷ ಯು ಮುಂಬಾಕ್ಕೆ ಆಡಿದವನು ಸಾಂತಾಕ್ರೂಜಿನ ರಿಷಾಂಕ್ ದೇವಾಡಿಗ. ಮುಂಬಯಿಯಲ್ಲೇ ಬೆಳೆದ ತುಳುನಾಡ ಮೂಲದ ಹುಡುಗ ಎಂಬ ಅಭಿಮಾನ ನಮಗೆಲ್ಲ ಇತ್ತು. ಆದರೂ ಬಲಗಡೆಯ ಮೊದಲ ಸಾಲಿನಲ್ಲೇ ಅಣ್ಣ ‘ಮೈ ಸಣ್ಣದು’ ಎಂದು ಬರೆದಿದ್ದರು. ಮುಂದೆ ಏನಾಯಿತು ಎಂಬುದು ಆಟ ಬಲ್ಲವರಿಗೆ ಗೊತ್ತು. ಕೈಕೈ ಹಿಡಿದು ಸರಪಳಿಯಾಗಿ ಮುತ್ತಿದವರ ತೋಳಡಿಯಲ್ಲಿ ನುಸುಳಿ ಹೊರಬರುವ ‘ಡುಬ್ಕಿ’ ಅವನ ಗುರುತಾಯಿತು. ಅಂಕಣದಲ್ಲಿ ಆರು ಅಥವಾ ಏಳು ರಕ್ಷಕರಿರುವಾಗ, ಒಂದು ಕಾಲು ಬೋನಸ್ ಗೆರೆಯಾಚೆ ಊರಿ ಇನ್ನೊಂದನ್ನು ಗಾಳಿಯಲ್ಲಿಟ್ಟು, ಯಾರನ್ನೂ ಮುಟ್ಟದೆ ಒಂದು ಅಂಕ ಕದ್ದು ತರುವುದು ಅವನ ನಿತ್ಯದ ದುಡಿಮೆಯಾಯಿತು. 2017ರಲ್ಲಿ ಯುಪಿ ಯೋಧಾ ತಂಡಕ್ಕಾಗಿ ಜೈಪುರದ ವಿರುದ್ಧ ಒಂದೇ ಪಂದ್ಯದಲ್ಲಿ ದಾಳಿಯಿಂದ 28 ಅಂಕ ತಂದ. 2018ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಅವನ ನಾಯಕತ್ವದಲ್ಲೇ ಮಹಾರಾಷ್ಟ್ರ ರಾಷ್ಟ್ರೀಯ ಚಾಂಪಿಯನ್ ಆಯಿತು. ಅದೇ ವರ್ಷದ ಹರಾಜಿನಲ್ಲಿ ಅವನ ಬೆಲೆ 1 ಕೋಟಿ 11 ಲಕ್ಷ. ತೋಳಡಿಯಲ್ಲಿ ನುಸುಳಲು ಬೇಕಾದದ್ದು ಆ ಸಣ್ಣ ಮೈಯೇ. ಅಣ್ಣ ಆ ಸಾಲನ್ನು ಹೊಡೆದುಹಾಕಿರಲಿಲ್ಲ. ಅದರಿಂದ ಎಡಗಡೆಗೆ ಒಂದು ಬಾಣದ ಗುರುತು ಹಾಕಿದ್ದರು, ಅಷ್ಟೆ.

ಆ ಬಾಣವನ್ನು ಕಂಡಾಗಲೆಲ್ಲ ನನಗೆ ನನ್ನದೇ ಒಂದು ಹಾಳೆ ನೆನಪಾಗುತ್ತದೆ.

1986ರಲ್ಲಿ ನಾನು ಇಲ್ಲಿನ ಒಂದು ಕನ್ನಡ ರಾತ್ರಿಶಾಲೆಯಲ್ಲಿ ಮಾಸ್ತರನಾಗಿದ್ದೆ. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದ ಹುಡುಗರು ಸಂಜೆ ಮೈ ತೊಳೆದು, ತಲೆ ಬಾಚಿ ಪಾಠಕ್ಕೆ ಬರುತ್ತಿದ್ದ ಕಾಲ. ಶಾಲೆಗಳ ನಡುವಿನ ಕಬಡ್ಡಿ ಪಂದ್ಯಕ್ಕೆ ತಂಡ ಆರಿಸುವ ಹೊಣೆ ನನ್ನ ಮೇಲೆ ಬಿತ್ತು. ಒಂದು ಭಾನುವಾರ ಸಂಜೆ ಇಪ್ಪತ್ತು ಹುಡುಗರನ್ನು ಆಡಿಸಿ ನೋಡಿದೆ. ಒಬ್ಬನ ಕಾಲಿನ ಚುರುಕು ಕಂಡು ಬೆರಗಾದೆ. ಆದರೆ ಮೂರನೆಯ ದಾಳಿಗೆ ಅವನ ‘ಕಬಡ್ಡಿ ಕಬಡ್ಡಿ’ ಒಡೆಯಿತು. ನಾಲ್ಕನೆಯದಕ್ಕೆ ಮಧ್ಯರೇಖೆಯ ಬಳಿಯೇ ನಿಂತುಬಿಟ್ಟ. ‘ಉಸಿರು ಸಾಲದು’ ಎಂದು ಬರೆದೆ. ಅವನ ಹೆಸರು ಪಟ್ಟಿಗೆ ಸೇರಲಿಲ್ಲ. ಪಟ್ಟಿ ಓದಿದಾಗ ಅವನು ಏನೂ ಹೇಳಲಿಲ್ಲ. ಚೀಲ ಎತ್ತಿಕೊಂಡು ಹೋದ.

ಕೆಲವು ವಾರಗಳ ಬಳಿಕ ಅವನ ಗೆಳೆಯನೊಬ್ಬ ಮಾತಿನ ನಡುವೆ ಹೇಳಿದ: ಆ ದಿನ ಅವರ ಹೋಟೆಲಿನಲ್ಲಿ ಇಬ್ಬರು ರಜೆ ಹಾಕಿದ್ದರು, ಬೆಳಿಗ್ಗೆ ಐದರಿಂದ ಅವನೊಬ್ಬನೇ ಮೇಜು ಒರೆಸಿ, ಲೋಟ ಎತ್ತಿ, ಮಧ್ಯಾಹ್ನ ಊಟಕ್ಕೂ ಕೂರದೆ ಆಟಕ್ಕೆಂದು ಓಡಿ ಬಂದಿದ್ದ. ನಾನು ಬರೆದದ್ದು ಸುಳ್ಳಲ್ಲ. ಆ ಸಂಜೆ ಉಸಿರು ಸಾಲಲಿಲ್ಲ, ನಿಜ. ಆದರೆ ಅದು ಹುಡುಗನ ಕೊರತೆಯೋ, ಆ ದಿನದ ಕೊರತೆಯೋ ಎಂದು ಕೇಳುವ ಸಣ್ಣ ಕೆಲಸವನ್ನು ನಾನು ಮಾಡಿರಲಿಲ್ಲ. “ಊಟ ಆಯಿತೇನೋ?” ಎಂಬ ಎರಡು ಮಾತು ಸಾಕಿತ್ತು. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ. ಮತ್ತೆಂದೂ ನಾನು ಅವನನ್ನು ಕಾಣಲಿಲ್ಲ.

ಇದನ್ನು ನಾನು ಅಣ್ಣನಿಗೆ ಹೇಳಿದ್ದು ಆ ಹರಾಜಿನ ಮರುದಿನವೇ. ಅವರು ಸಮಾಧಾನ ಹೇಳಲಿಲ್ಲ. “ನಮ್ಮ ಗಿರಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನನ್ನು ಮೊದಲ ದಾಳಿಗೆ ಕಳುಹಿಸುತ್ತಿರಲಿಲ್ಲ,” ಎಂದು ಮಾತ್ರ ಹೇಳಿದರು.

ಆ ಆವೃತ್ತಿ ಮುಗಿಯುವ ಹೊತ್ತಿಗೆ ಸಿದ್ಧಾರ್ಥ ದಾಳಿಯಿಂದಲೇ 218 ಅಂಕ ತಂದಿದ್ದ. ಜನ ‘ಬಾಹುಬಲಿ’ ಎಂದು ಕರೆದರು. ಎಡಗಡೆ ಬರೆದದ್ದೆಲ್ಲ ಸರಿ ಬಂತು. ಆದರೆ ಡಿಸೆಂಬರ್ 30ರಂದು ಕೊಚ್ಚಿಯಲ್ಲಿ ನಡೆದ ಎಲಿಮಿನೇಟರ್ ಪಂದ್ಯದಲ್ಲಿ ಯು ಮುಂಬಾ 34-29ರಿಂದ ಸೋತು ಹೊರಬಿತ್ತು. ಗೆದ್ದದ್ದು ರಿಷಾಂಕನ ಯುಪಿ ಯೋಧಾ. ಆ ತಂಡದ ರಕ್ಷಕ ನಿತೇಶ್ ಕುಮಾರ್ ಅದೇ ಆವೃತ್ತಿಯಲ್ಲಿ ಟ್ಯಾಕಲ್‌ನಿಂದಲೇ 100 ಅಂಕ ಗಳಿಸಿದ್ದ. ಲೀಗಿನಲ್ಲಿ ಹಾಗೆ ಮಾಡಿದ ಮೊದಲಿಗ ಅವನೇ. ಮರುವರ್ಷ ತೆಲುಗು ಟೈಟನ್ಸ್ ಸಿದ್ಧಾರ್ಥನಿಗೆ 1 ಕೋಟಿ 45 ಲಕ್ಷ ಕೊಟ್ಟಿತು. ಅಲ್ಲೂ ದಾಳಿಯ ಭಾರ ಅವನ ಹೆಗಲಿಗೇ ಬಂತು; ಅಲ್ಲೂ ಇನ್ನೂರು ದಾಟಿದ. ಅದರ ಮುಂದಿನ ಆವೃತ್ತಿಯಲ್ಲಿ ಕೆಲವೇ ಪಂದ್ಯಗಳ ಬಳಿಕ ಗಾಯಗೊಂಡು ಹೊರಗುಳಿದ. ‘ಇವನೊಬ್ಬನೇ ಎಷ್ಟು ಸಲ’ ಎಂಬ ಸಾಲಿನ ಮೇಲೆ ನನ್ನ ಬೆರಳು ಆಗ ನಿಂತಿತು. ಗಾಯಕ್ಕೆ ಅದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಆ ಪ್ರಶ್ನೆ ಹುಡುಗನನ್ನು ಕುರಿತದ್ದಲ್ಲ, ಅವನನ್ನು ಕೊಂಡವರನ್ನು ಕುರಿತದ್ದು ಎಂಬುದು ನನಗೆ ತಡವಾಗಿ ಹೊಳೆಯಿತು.

ಅಣ್ಣ ಈಗಿಲ್ಲ. ಪುಸ್ತಕ ನನ್ನ ಬಳಿ ಇದೆ. ಹೊಸ ಹರಾಜು ಮುಗಿದಾಗ ನಾನೂ ಗೆರೆ ಎಳೆಯುತ್ತೇನೆ. ಎಡಗಡೆ ಬೇಗ ತುಂಬುತ್ತದೆ. ಬಲಗಡೆ ಬರೆಯುವ ಮೊದಲು ಆ ಹುಡುಗ ಯಾವ ಊರಿನವನು, ಯಾವ ಕೆಲಸ ಮಾಡುತ್ತಿದ್ದ, ಅವನ ಜೊತೆಗೆ ಅಂಕಣಕ್ಕಿಳಿಯುವ ಇನ್ನಿಬ್ಬರು ರೈಡರ್‌ಗಳು ಯಾರು ಎಂದು ಹುಡುಕುತ್ತೇನೆ. ಮೊಮ್ಮಗ ನಗುತ್ತಾನೆ: “ಅಜ್ಜ, ಅದೆಲ್ಲ ಆಟದಲ್ಲಿ ಲೆಕ್ಕಕ್ಕೆ ಬರುವುದಿಲ್ಲ.”

ಕಳೆದ ತಿಂಗಳು ಅವನ ಗೆಳೆಯನೊಬ್ಬ, ನಮ್ಮ ಬಡಾವಣೆಯ ಕಬಡ್ಡಿ ಮಂಡಳದ ಹುಡುಗ, ತನ್ನ ಆಟ ನೋಡಿ ಅಭಿಪ್ರಾಯ ಹೇಳಬೇಕೆಂದು ಕೇಳಿಕೊಂಡು ಮನೆಗೆ ಬಂದ. ಕೂರಿಸಿದೆ. ಪುಸ್ತಕ ತೆರೆಯುವ ಮೊದಲು, ಊಟ ಆಯಿತೇ ಎಂದು ಕೇಳಿದೆ.