ಅಂತಿಯೋಕ್ಯದ ಪಂಕ್ತಿ

ಮಾರ್ಚ್ 1, ಭಾನುವಾರ

ಆರಾಧನೆ ಮುಗಿದ ಮೇಲೆ ವಾರ್ಷಿಕ ಮಹಾಸಭೆ. ಖಜಾಂಚಿ ಮಾಸ್ಟ್ರು ಬೆಳೆ ಹಬ್ಬದ ಏಲಂ ಲೆಕ್ಕ ಓದುತ್ತಿದ್ದಾಗ ಕ್ವಾಯರಿನ ಕೀಬೋರ್ಡ್ ಹುಡುಗ ಎದ್ದು ನಿಂತ. ಕೊಂಡವರೇ ತಿರುಗಿ ಸಭೆಗೆ ಕೊಟ್ಟು ಮತ್ತೊಮ್ಮೆ ಏಲಂ ಹಾಕಿಸಿದ ಬಾಳೆಗೊನೆಯ ಎರಡನೆಯ ಹಣ ಪುಸ್ತಕದಲ್ಲಿ ಇಲ್ಲವಲ್ಲ ಎಂದ. ಮಾಸ್ಟ್ರು ಕನ್ನಡಕ ಹಣೆಗೇರಿಸಿ, ಪುಟಕ್ಕೆ ಕಣ್ಣು ತಾಗುವಷ್ಟು ಬಗ್ಗಿ, ರಸೀದಿಯ ಅಡಿಪ್ರತಿಗಳನ್ನು ಒಂದೊಂದಾಗಿ ಮಗುಚಿದರು. ಸಿಕ್ಕಿತು. ಕೆಂಪು ಪೆನ್ನಿನಲ್ಲಿ ಹಳೆಯ ಮೊತ್ತ ಹೊಡೆದುಹಾಕಿ, ಮೇಲೆ ಹೊಸದನ್ನು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ. “ಸರಿಯುಂಟು, ನನ್ನ ಕಣ್ತಪ್ಪು” ಎಂದು ಕೂತರು. ಊಟಕ್ಕೆ ನಿಲ್ಲಲಿಲ್ಲ.

ಮಾರ್ಚ್ 3, ಮಂಗಳವಾರ

ನಾಳಿನ ಸತ್ಯವೇದ ಅಧ್ಯಯನಕ್ಕೆ ಗಲಾತ್ಯದವರಿಗೆ ಪೌಲ ಬರೆದ ಪತ್ರದ ಎರಡನೆಯ ಅಧ್ಯಾಯ. ಅಂತಿಯೋಕ್ಯದಲ್ಲಿ ಅನ್ಯಜನರೊಂದಿಗೆ ಕೂತು ಉಣ್ಣುತ್ತಿದ್ದ ಪೇತ್ರ, ಯಾಕೋಬನ ಕಡೆಯವರು ಬಂದ ಮೇಲೆ ಮೆಲ್ಲಗೆ ಪಂಕ್ತಿ ಬಿಟ್ಟ. ಬಾರ್ನಬನೂ ಅವನ ಹಿಂದೆಯೇ ಹೋದ. ಪಂಕ್ತಿಭೇದ ಎಂದರೇನೆಂದು ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಪೌಲ ಎಲ್ಲರೆದುರೇ ತರಾಟೆಗೆ ತೆಗೆದುಕೊಂಡ. ಪೇತ್ರ ಏನೆಂದ? ಪತ್ರದಲ್ಲಿ ಒಂದಕ್ಷರವಿಲ್ಲ.

ಇದೇ ಅಧ್ಯಾಯದ ಮೇಲೆ ಹಳೆಯ ಸಭಾಪಿತೃಗಳಾದ ಅಗಸ್ಟೀನನಿಗೂ ಜೆರೋಮನಿಗೂ ವರ್ಷಗಟ್ಟಲೆ ಜಗಳ. ಅಪೊಸ್ತಲರಿಬ್ಬರೂ ಒಳಗೊಳಗೇ ಒಪ್ಪಿಕೊಂಡು ಆಡಿದ ಆಟ ಅದು ಎಂದು ಜೆರೋಮ್ ವ್ಯಾಖ್ಯಾನ ಬರೆದಿದ್ದ. ಹಾಗಾದರೆ ಪೌಲ ಸುಳ್ಳು ಬರೆದ ಎಂದಾಯಿತು, ಆಮೇಲೆ ಶಾಸ್ತ್ರದಲ್ಲಿ ಯಾವ ಮಾತನ್ನು ನಂಬುವುದು ಎಂಬುದು ಅಗಸ್ಟೀನನ ತಕರಾರು. ಹಿಪ್ಪೋದಿಂದ ಹೊರಡಬೇಕಿದ್ದ ಅಗಸ್ಟೀನನ ಮೊದಲ ಪತ್ರ ಹೊರಡಲೇ ಇಲ್ಲ. ಒಯ್ಯಬೇಕಾದವನು ಬಿಷಪ್ ಆದ, ಕೆಲ ಕಾಲಕ್ಕೇ ತೀರಿಕೊಂಡ. ಇನ್ನೊಂದು ದಾರಿ ತಪ್ಪಿ ರೋಮಿನಲ್ಲೆಲ್ಲ ಕೈಯಿಂದ ಕೈಗೆ ಓಡಾಡಿತು. ಬೇತ್ಲೆಹೇಮಿನಲ್ಲಿದ್ದ ಜೆರೋಮನಿಗೆ ಸಿಕ್ಕಿದ್ದು ಸಹಿಯಿಲ್ಲದ ಪ್ರತಿ, ಅದೂ ಬೇರೆಯವರ ಕೈಯಿಂದ. ಮೊದಲೇ ಮುಂಗೋಪಿ, ವಯಸ್ಸಾದವನನ್ನು ಕೆಣಕಿ ಹೆಸರು ಮಾಡಲು ಹೊರಟಿದ್ದೀಯೆಂದು ಉರಿದುಬಿದ್ದ. ಯಾರಾದರೂ ಸಿಟ್ಟಾಗುತ್ತಿದ್ದರು ಬಿಡಿ.

ಸುಮಾರು 405ರ ದೀರ್ಘ ಪತ್ರದಲ್ಲಿ ಅಗಸ್ಟೀನ್ ಹೇಳುವ ಒಂದು ಮಾತಿಗಾಗಿ ನಾನು ಅಷ್ಟನ್ನೂ ಓದಿದೆ. ಪೌಲನ ಧೈರ್ಯ ದೊಡ್ಡದೇ, ಆದರೆ ತನಗಿಂತ ಆಮೇಲೆ ಬಂದವನಿಂದ ತಿದ್ದಿಸಿಕೊಂಡ ಪೇತ್ರನ ಮಾದರಿ ಅದಕ್ಕಿಂತ ಅಪರೂಪದ್ದು, ಹೆಚ್ಚು ಪವಿತ್ರವಾದದ್ದು ಎನ್ನುತ್ತಾನೆ. ನಮ್ಮ ಪ್ರಸಂಗಗಳಲ್ಲಿ ಅಂತಿಯೋಕ್ಯ ಬಂದಾಗಲೆಲ್ಲ ಪೌಲನೇ ನಾಯಕ.

ಮಾರ್ಚ್ 4, ಬುಧವಾರ

ಅಧ್ಯಯನಕ್ಕೆ ಹನ್ನೊಂದೇ ಜನ. ಮಾಸ್ಟ್ರು ಬಂದಿಲ್ಲ, ರಾಜೀನಾಮೆ ಕೊಟ್ಟಿದ್ದಾರಂತೆ. ಸಭಾಪಾಲಕರು ಅದನ್ನಿನ್ನೂ ಕಮಿಟಿಯ ಮುಂದಿಟ್ಟಿಲ್ಲ. ಮಾಸ್ಟ್ರು ದೊಡ್ಡ ಮನಸ್ಸಿನವರು ಎಂದು ಎಲ್ಲರೂ ಹೊಗಳಿದರು. ನನಗೆ ಹಾಗನಿಸಲಿಲ್ಲ. ಲೆಕ್ಕ ತಿದ್ದಲು ಎರಡು ನಿಮಿಷ ಸಾಕಾಯಿತು, ತಿದ್ದಿದವನ ಪಕ್ಕದಲ್ಲಿ ಮತ್ತೆ ಕೂರುವುದು ಆಗಲಿಲ್ಲ. ಅಗಸ್ಟೀನ್ ಎಪ್ಪತ್ತು ದಾಟಿದ ಮೇಲೆ ತನ್ನ 93 ಕೃತಿಗಳನ್ನು ತಾನೇ ಮತ್ತೆ ಓದಿ, ಎಲ್ಲೆಲ್ಲಿ ಎಡವಿದ್ದೇನೆಂದು ಪಟ್ಟಿ ಮಾಡಿದ. ಬರೆಯುವುದನ್ನೇ ಬಿಡುತ್ತೇನೆ ಎನ್ನಲಿಲ್ಲ.

ಮಾರ್ಚ್ 7, ಶನಿವಾರ

ಸಂಜೆ ಮಾಸ್ಟ್ರ ಮನೆಗೆ ಹೋಗಿದ್ದೆ.

“ಆ ಹುಡುಗನಿಗೆ ಮಗ್ಗಿ ಕಲಿಸಿದವ ನಾನು. ತಪ್ಪು ಹೇಳಿದ್ದಕ್ಕೆ ಬೇಜಾರಿಲ್ಲ ಮಾರಾಯ್ರೇ. ಒಂದು ದಿನ ಮುಂಚೆ ಮನೆಗೆ ಬಂದು ಹೇಳಿದ್ದರೆ ಆಗ್ತಿರಲಿಲ್ವಾ? ಮತ್ತಾಯ ಹದಿನೆಂಟು ಅವನೂ ಓದಿದ್ದಾನಲ್ಲ?”

ಜೆರೋಮನ ಕಥೆ ಹೇಳಿದೆ. ಬಾಯ್ತುಂಬ ನಕ್ಕರು. “ಆಮೇಲೆ ಅಗಸ್ಟೀನ್ ಏನು ಮಾಡಿದ?”

“ನೋವಾಗಿದ್ದರೆ ಕ್ಷಮಿಸಿ ಎಂದ. ವಾದ ಮಾತ್ರ ಬಿಡಲಿಲ್ಲ.”

“ಜೆರೋಮ್?”

“ಗೊಣಗಿದ. ಕಾಗದ ಬರೆಯುವುದನ್ನು ನಿಲ್ಲಿಸಲಿಲ್ಲ.”

ಇನ್ನೊಂದು ಮಾತನ್ನೂ ಹೇಳಿಯೇಬಿಟ್ಟೆ: ಮತ್ತಾಯದಲ್ಲಿರುವುದು ಸಹೋದರನ ಅಪರಾಧದ ಮಾತು, ಸಭೆಯ ಹಣವನ್ನು ಸಭೆಯಲ್ಲಿ ಕೇಳಬಾರದೆಂದರೆ ಮಹಾಸಭೆ ಕರೆಯುವುದೇಕೆ? ಅವರಿಗದು ಹಿಡಿಸಲಿಲ್ಲ. ಚಹಾ ಆರುವವರೆಗೂ ಮಾತಿಲ್ಲ.

ರಾಜೀನಾಮೆ ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಆದರೆ ಲೆಕ್ಕ ವಹಿಸಿಕೊಳ್ಳಲು ಆ ಹುಡುಗನನ್ನೇ ಕಳುಹಿಸಬೇಕಂತೆ. ಏಲಂ ದಿನ ರಸೀದಿ ಹರಿದು ಕೊಟ್ಟವನು ಅವನೇ, ಅಡಿಪ್ರತಿಯಲ್ಲಿ ತಾರೀಕು ಹಾಕಿರಲಿಲ್ಲವಂತೆ. “ಅದನ್ನು ನಾನು ಅವನಿಗೆ ಹೇಳಬೇಕು. ಮನೆಯಲ್ಲೇ ಹೇಳ್ತೇನೆ” ಎಂದರು.