ಮೌನವೆಂದು ಹೆಸರಾದ ಗೋಪುರ

ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯಲ್ಲಿ ಹಗಲೆಲ್ಲ ಕಬ್ಬಿಣದ ಮೇಲೆ ಕಬ್ಬಿಣ ಬೀಳುವ ಸದ್ದು. ಅಲ್ಲಿ ಕಬ್ಬಿಣವೆಂದರೆ ಸರಳು, ತಗಡು, ಲಾರಿಯ ತೂಕ. ಖಾರಿಯಾಚೆ, ಮುಂಬಯಿಯ ಮಲಬಾರ್ ಹಿಲ್‌ನ ಡುಂಗರ್‌ವಾಡಿಯಲ್ಲಿ ಅದೇ ಲೋಹಕ್ಕೆ ಬೇರೆಯೇ ಅರ್ಥ. ಪಾರಸಿಗಳ ಶವವಾಹನ ಕಬ್ಬಿಣದ್ದು. ಮರ ಅಶೌಚವನ್ನು ಹೀರಿಕೊಳ್ಳುತ್ತದೆ, ಕಬ್ಬಿಣವನ್ನು ಶುದ್ಧಿಗೊಳಿಸಬಹುದು ಎಂಬುದು ಅವರ ಶಾಸ್ತ್ರ.

ಧ್ವನಿ-ಬೆಳಕುಗಳಿಂದ ಪ್ರೇಕ್ಷಕನನ್ನು ಸುತ್ತುವರಿಯುವ ಇಂದಿನ ಕಲಾರಚನೆಗಳು ಜರತುಷ್ಟ್ರೀಯ ಅಂತ್ಯವಿಧಿಯತ್ತ ಒಲಿದರೆ ಆಶ್ಚರ್ಯವಿಲ್ಲ. ಆದರೆ ಆ ವಿಧಿ ತಾನೇ ಅಂಥದೊಂದು ರಚನೆ. 'ಮೌನಗೋಪುರ' ಎಂಬ ಹೆಸರು ಇದನ್ನು ಮರೆಸುತ್ತದೆ. ಅದು ಇಂಗ್ಲಿಷಿನಿಂದ ಬಂದದ್ದು. ಪಾರಸಿಗಳಿಗೆ ಅದು ದಖ್ಮ. ಬೆಂಗಳೂರಿನ ನಂದಿದುರ್ಗ ರಸ್ತೆಯಲ್ಲಿಯೂ ಒಂದಿದೆ.

ಶವದ ಬಳಿ ಶ್ರೀಗಂಧದ ಬೆಂಕಿ, ಎಣ್ಣೆಯ ದೀಪ. ಇಬ್ಬರು ಪುರೋಹಿತರು ಅವೆಸ್ತಾ ಭಾಷೆಯ ಅಹುನವೈತಿ ಗಾಥೆಯನ್ನು ಪಠಿಸುತ್ತಾರೆ; ನಡುವೆ ಒಮ್ಮೆ ಪಠನ ನಿಲ್ಲುತ್ತದೆ. ಇಡೀ ವಿಧಿಯಲ್ಲಿ ಮೌನವೆಂದು ಕರೆಯಬಹುದಾದದ್ದು ಪ್ರಾಯಃ ಆ ಒಂದು ಗಳಿಗೆಯೇ. ಶವವಾಹಕರಾದ ನಸ್ಸೆಸಾಲಾರರು ಹೊರಡುತ್ತಾರೆ. ಬಂಧುಗಳು ಬಿಳಿಯ ವಸ್ತ್ರದ ತುದಿಗಳನ್ನು ಹಿಡಿದು ಇಬ್ಬಿಬ್ಬರಾಗಿ ಹಿಂಬಾಲಿಸುತ್ತಾರೆ. ಈ ಪಯಣ ಹಗಲಿನಲ್ಲಿಯೇ ನಡೆಯಬೇಕು, ಏಕೆಂದರೆ ದೇಹವನ್ನು ಒಪ್ಪಿಸುವುದು ಸೂರ್ಯನಿಗೆ. ರಾತ್ರಿಯ ಕೆಲಸಕ್ಕೆ ಸಗ್ರಿ ಎಂಬ ಅಗ್ನಿಗೃಹವಿದೆ. ಅದರ ಬೆಳಕು ಕಿಂಡಿಯಿಂದ ಹೊರಟು ದಖ್ಮದ ಮೇಲೆ ಬೀಳುವಂತೆ ಕಟ್ಟಿದ್ದಾರೆ. ಇದಕ್ಕಿಂತ ಸೂಕ್ಷ್ಮವಾದ ದೀಪವಿನ್ಯಾಸ ವಿದ್ಯುದ್ದೀಪದವರಿಗೆ ಸಾಧ್ಯವೇ ಎಂಬುದು ಅನುಮಾನ.

ಕಳೆದುಹೋದದ್ದು ರೆಕ್ಕೆಗಳ ಸದ್ದು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವುನಿವಾರಕ, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿತು. 1992ರಿಂದ 2007ರ ನಡುವೆ ಭಾರತದ ಬಿಳಿಬೆನ್ನಿನ ರಣಹದ್ದು ಶೇಕಡಾ 99ಕ್ಕೂ ಹೆಚ್ಚು ಅಳಿಯಿತು. ಪಶುಚಿಕಿತ್ಸೆಯಲ್ಲಿ ಆ ಔಷಧಕ್ಕೆ ನಿಷೇಧ ಬಂದದ್ದು 2006ರಲ್ಲಿ. ಡುಂಗರ್‌ವಾಡಿಯಲ್ಲಿ ಸೂರ್ಯಕಿರಣವನ್ನು ಕೇಂದ್ರೀಕರಿಸುವ ಸಾಧನಗಳನ್ನು ಅಳವಡಿಸಲಾಯಿತು. ಮಳೆಗಾಲದ ಮೋಡಕ್ಕೆ ಅವು ನಿರುಪಾಯ. ಸಂಪ್ರದಾಯ ಬಿಡಬಾರದೆನ್ನುವವರಿಗೂ ದಹನವನ್ನು ಒಪ್ಪುವವರಿಗೂ ನಡುವಣ ಜಗಳ ಕಹಿಯಾದದ್ದು; ಅದರಲ್ಲಿ ಹೊರಗಿನವರು ತೀರ್ಪು ಹೇಳುವುದು ಸಲ್ಲದು. 2015ರಲ್ಲಿ ವರ್ಲಿಯ ಸ್ಮಶಾನದಲ್ಲಿ, ದಹನವನ್ನು ಬಯಸುವ ಪಾರಸಿಗಳಿಗಾಗಿ ಪ್ರಾರ್ಥನಾಗೃಹ ತೆರೆಯಿತು. 2024ರ ಅಕ್ಟೋಬರಿನಲ್ಲಿ ರತನ್ ಟಾಟಾ ಅವರ ಅಂತ್ಯವಿಧಿ ಅದೇ ಸ್ಮಶಾನದಲ್ಲಿ, ಪಾರಸಿ ಪ್ರಾರ್ಥನೆಯೊಂದಿಗೆ ನಡೆಯಿತು. ಹಕ್ಕಿ ಇರಲಿಲ್ಲ, ಬಿಸಿಲಿಗೂ ಕೆಲಸವಿರಲಿಲ್ಲ, ಪಠನ ಉಳಿದಿತ್ತು.

ಕಲಾವಿದರು ಧ್ವನಿವರ್ಧಕದಲ್ಲಿ ರೆಕ್ಕೆಯ ಸದ್ದನ್ನು ಕೇಳಿಸಬಹುದು. ದಖ್ಮದ ಬಾಗಿಲು ದಾಟಿ ಆ ಸದ್ದನ್ನು ಹತ್ತಿರದಿಂದ ಕೇಳಿದವರು ನಸ್ಸೆಸಾಲಾರರು ಮಾತ್ರ. ಅವರನ್ನು ಇದುವರೆಗೆ ಕೇಳಿದವರು ಕಡಿಮೆ.