ಚತುರ್ಮುಖ ನಗರದ ಒಂದು ಪಾಠಶಾಲೆ

ಕಾಂಬೋಜದೇಶದ ಶಿಲಾಶಾಸನಗಳಲ್ಲಿ ಸೊಗಸಾದ ಸಂಸ್ಕೃತಶ್ಲೋಕಗಳಿವೆಯೆಂದು ವಿದ್ಯಾರ್ಥಿದಶೆಯಲ್ಲಿಯೇ ಕೇಳಿದ್ದೆವು. ಅವನ್ನು ಕಣ್ಣಾರೆ ಕಾಣಬೇಕೆಂಬ ಬಯಕೆಯು ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದ ಮೇಲೆ ಕೈಗೂಡಿತು. ನಾವೂ ನಮ್ಮ ಸಹಧರ್ಮಿಣಿಯೂ ಆ ದೇಶದ ರಾಜಧಾನಿಯಾದ ನಾಮ್ ಪೆನ್ ನಗರದಲ್ಲಿ ಮೂರು ದಿನ ತಂಗಿದ್ದೆವು.

ಮೆಕಾಂಗ್, ತೊನ್ಲೆ ಸಾಪ್, ಬಾಸಾಕ್ ಎಂಬ ನದಿಗಳು ಇಲ್ಲಿ ಸೇರಿ ನಾಲ್ಕು ಕವಲಾಗಿ ಕಾಣುವುವು. ಆ ಸಂಗಮಕ್ಕೆ ‘ಚಕ್ತೊಮುಕ್’ ಎಂದು ಹೆಸರು. ನಮ್ಮ ‘ಚತುರ್ಮುಖ’ವೇ ಅದು! ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿದಾಗ ತೊನ್ಲೆ ಸಾಪ್ ನದಿಯು ಹಿಮ್ಮುಖವಾಗಿ ಹರಿದು, ಒಳನಾಡಿನ ಮಹಾಸರೋವರವನ್ನು ತುಂಬುವುದಂತೆ. ಮೊದಲೆರಡು ದಿನ ನದೀತೀರ, ಅರಮನೆಯ ಬಳಿಯ ವಸ್ತುಸಂಗ್ರಹಾಲಯ, ವಾಟ್ ನಾಮ್ ಗುಡ್ಡ ಇವುಗಳಲ್ಲಿ ಸುತ್ತಿದೆವು. ಆ ಜನರು ಉಪಾಧ್ಯಾಯನನ್ನು ‘ಕ್ರೂ’ ಎನ್ನುವರು. ಅದು ‘ಗುರು’ ಶಬ್ದ. ಪ್ರೌಢಶಾಲೆಗೆ ಅವರು ಹೇಳುವುದು ‘ವಿದ್ಯಾಲಯ’ವೆಂದೇ, ಉಚ್ಚಾರಣೆ ಮಾತ್ರ ಬೇರೆ. ಹೆಜ್ಜೆಹೆಜ್ಜೆಗೂ ನಿಂತು ಶಬ್ದವ್ಯುತ್ಪತ್ತಿಯನ್ನು ಹೇಳುತ್ತಿದ್ದ ನಮ್ಮನ್ನು ಕಂಡು ಸಹಧರ್ಮಿಣಿಯು, “ಪರದೇಶಕ್ಕೆ ಬಂದರೂ ನಿಮಗೆ ಪಾಠಶಾಲೆ ತಪ್ಪಲಿಲ್ಲ” ಎಂದು ನಕ್ಕಳು.

ಮೂರನೆಯ ದಿನ ನಿಜವಾಗಿಯೂ ಒಂದು ಪಾಠಶಾಲೆಗೆ ಹೋದೆವು. ತುವೋಲ್ ಸ್ಲೆಂಗ್ ಎಂದರೆ ಕಾಸರಕನ ಮರದ ದಿಬ್ಬ. ಮೂರು ಅಂತಸ್ತಿನ ಕಟ್ಟಡಗಳು, ಉದ್ದನೆಯ ಮೊಗಸಾಲೆಗಳು, ನಡುವೆ ಅಂಗಳ, ಅಂಗಳದಲ್ಲಿ ವ್ಯಾಯಾಮದ ಕಂಬ. ನಾವು ಪಾಠ ಹೇಳಿದ ಶಾಲೆಯೂ ಹೆಚ್ಚುಕಡಿಮೆ ಹೀಗೆಯೇ ಇದ್ದಿತು. ಆದರೆ ಕೊಠಡಿಗಳ ಒಳಗೆ ಇಟ್ಟಿಗೆಯಿಂದ ಕಟ್ಟಿದ ಇಕ್ಕಟ್ಟಾದ ಗೂಡುಗಳಿದ್ದುವು. ಮೊಗಸಾಲೆಗೆ ಮುಳ್ಳುತಂತಿ ಬಿಗಿದಿದ್ದಿತು.

ಮಾರ್ಗದರ್ಶಿನಿಯಾಗಿ ಬಂದ ತರುಣಿಯು ಮೆಲುದನಿಯಲ್ಲಿ ವೃತ್ತಾಂತವನ್ನು ಹೇಳಿದಳು. 1953ರಲ್ಲಿ ಫ್ರೆಂಚರಿಂದ ಸ್ವತಂತ್ರವಾದ ಈ ದೇಶವು ನೆರೆಯ ವಿಯೆಟ್ನಾಮಿನ ಯುದ್ಧದಲ್ಲಿ ಸಿಕ್ಕಿಕೊಂಡಿತು. ಅಮೆರಿಕದ ವಿಮಾನಗಳು 1973ರವರೆಗೆ ಹಳ್ಳಿಗಾಡಿನ ಮೇಲೆ ಬಾಂಬು ಸುರಿದುವು. 1970ರಿಂದ ಅಂತರ್ಯುದ್ಧವೂ ನಡೆಯಿತು. 1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಪಕ್ಷದವರು ರಾಜಧಾನಿಯನ್ನು ಹಿಡಿದು, ಸುಮಾರು 20 ಲಕ್ಷ ಜನರನ್ನು, ಆಸ್ಪತ್ರೆಯ ರೋಗಿಗಳನ್ನೂ ಬಿಡದೆ, ಹೊಲಗಳ ದುಡಿಮೆಗೆ ಅಟ್ಟಿದರು. ಹಣ, ಸಂತೆ, ಶಾಲೆ, ದೇವಪೂಜೆ ಎಲ್ಲವೂ ನಿಂತುಹೋದುವು. 1979ರ ಜನವರಿ 7ರಂದು ವಿಯೆಟ್ನಾಮ್ ಸೈನ್ಯವು ನಗರವನ್ನು ಪ್ರವೇಶಿಸುವಷ್ಟರಲ್ಲಿ ಹಸಿವು, ರೋಗ, ಹತ್ಯೆಗಳಿಂದ 15ರಿಂದ 20 ಲಕ್ಷ ಜನರು ಅಳಿದಿದ್ದರೆಂದು ವಿದ್ವಾಂಸರ ಅಂದಾಜು.

ಈ ಪಾಠಶಾಲೆಯು ಆಗ ಸೆರೆಮನೆಯಾಗಿದ್ದಿತು. ಇಲ್ಲಿಗೆ ತಂದವರು 14,000ಕ್ಕಿಂತ ಹೆಚ್ಚು; ಬದುಕಿ ಹೊರಬಂದವರು ಬೆರಳೆಣಿಕೆಯಷ್ಟು ಮಂದಿ. ಬಂದವರೆಲ್ಲರ ಭಾವಚಿತ್ರ ತೆಗೆದು, ಹಿಂಸಿಸಿ ತಪ್ಪೊಪ್ಪಿಗೆ ಬರೆಯಿಸಿ, ಊರ ಹೊರಗಿನ ಚುಂಗ್ ಎಕ್ ಎಂಬಲ್ಲಿಗೆ ಒಯ್ದು ಕೊಲ್ಲುತ್ತಿದ್ದರಂತೆ. ಗೋಡೆಗಳ ತುಂಬ ಆ ಮುಖಗಳು. ಕೂಸನ್ನೆತ್ತಿಕೊಂಡ ತಾಯಿಯೊಬ್ಬಳ ಚಿತ್ರದ ಮುಂದೆ ನಮ್ಮ ಸಹಧರ್ಮಿಣಿಯು ಬಹಳ ಹೊತ್ತು ನಿಂತಿದ್ದಳು.

ಇದನ್ನು ನಡೆಸಿದ ಗೂಢಪೊಲೀಸರಿಗೆ ‘ಸಂತೆಬಾಲ್’ ಎಂಬ ಹೆಸರಿದ್ದಿತು. ‘ಶಾಂತಿಪಾಲ’ರೆಂದು ಅದರ ಅರ್ಥ. ಎರಡು ದಿನ ವ್ಯುತ್ಪತ್ತಿ ಹೇಳಿ ಹೆಮ್ಮೆಪಟ್ಟಿದ್ದ ನಮಗೆ ಆ ಶಬ್ದವನ್ನು ಬಿಡಿಸಿ ಹೇಳಲು ನಾಲಗೆ ಏಳಲಿಲ್ಲ. ಸೆರೆಮನೆಯ ಅಧಿಕಾರಿ ಕೈಂಗ್ ಗೆಕ್ ಈವ್ ಎಂಬವನು ಮೊದಲು ಗಣಿತದ ಉಪಾಧ್ಯಾಯನಾಗಿದ್ದವನು. ಪಕ್ಷದ ನಾಯಕನಾದ ಪೋಲ್ ಪಾಟನೂ ಒಂದು ಕಾಲದಲ್ಲಿ ಪಾಠ ಹೇಳಿದವನೇ. ಕಾವಲುಗಾರರಲ್ಲಿ ಅನೇಕರು ಹದಿಹರೆಯದ ಹುಡುಗರು; ಹೇಳಿದಷ್ಟನ್ನು ಮಾಡಲು ಕಲಿತವರು. ಆ ಅಧಿಕಾರಿಗೆ 2012ರಲ್ಲಿ ಮೇಲ್ಮನವಿಯ ಅನಂತರ ಆಜೀವ ಕಾರಾಗೃಹವಾಸ ವಿಧಿಸಲ್ಪಟ್ಟಿತು. 2020ರಲ್ಲಿ ಅವನು ತೀರಿಕೊಂಡನು.

ವಿದ್ಯೆಯೊಂದಿದ್ದರೆ ಮನುಷ್ಯನು ತಾನೇ ಸನ್ಮಾರ್ಗದಲ್ಲಿ ನಡೆಯುವನೆಂದು ಜೀವಮಾನವೆಲ್ಲ ಹೇಳಿಕೊಂಡು ಬಂದವರು ನಾವು. ಅಂಗಳದ ಕಲ್ಲುಬೆಂಚಿನಲ್ಲಿ ಕುಳಿತಾಗ ನಮ್ಮ ಶಿಷ್ಯನೊಬ್ಬನು ನೆನಪಿಗೆ ಬಂದನು. ಅವನು ಪ್ರತಿಯೊಂದಕ್ಕೂ “ಏಕೆ ಗುರುಗಳೇ?” ಎಂದು ಕೇಳುತ್ತಿದ್ದನು. “ಹೇಳಿದ್ದನ್ನು ಕೇಳು, ಎದುರು ಮಾತಾಡಬೇಡ” ಎಂದು ಒಂದು ದಿನ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆವು. ಆಮೇಲೆ ಅವನು ಎಂದೂ ಕೇಳಲಿಲ್ಲ. ಅದನ್ನು ನಾವು ಶಿಸ್ತೆಂದು ತಿಳಿದಿದ್ದೆವು.

ನಾವು ಉಪಾಧ್ಯಾಯರೆಂದು ತಿಳಿದಾಗ ಆ ತರುಣಿಯು ಕೈಮುಗಿದು, “ನಮ್ಮ ಅಜ್ಜನೂ ಕ್ರೂ” ಎಂದಳು. ಓದಿದವರೆಂದರೆ ಸಂಶಯಪಡುತ್ತಿದ್ದ ಆ ಕಾಲದಲ್ಲಿ ಅವನು ತನಗೆ ಅಕ್ಷರವೇ ಬಾರದೆಂದು ನಟಿಸಿ, ಗದ್ದೆಯಲ್ಲಿ ದುಡಿದು ಉಳಿದನಂತೆ. 1979ರ ಅನಂತರ ಊರಿನ ಮಕ್ಕಳನ್ನು ಮರದ ಕೆಳಗೆ ಕೂಡಿಸಿ ಮತ್ತೆ ಅಕ್ಷರ ಕಲಿಸಿದನಂತೆ. “ಈಗ ಶಾಲೆಯ ಮಕ್ಕಳೂ ಇಲ್ಲಿಗೆ ಬರುತ್ತಾರೆ. ಹೀಗೇಕಾಯಿತೆಂದು ಕೇಳುತ್ತಾರೆ. ಕೇಳಲಿ ಎಂದೇ ನಾನು ಈ ಕೆಲಸಕ್ಕೆ ಬಂದೆ” ಎಂದಳು.

ಊರಿಗೆ ಮರಳಿದ ವಾರವೇ ಆ ಹಳೆಯ ಶಿಷ್ಯನ ವಿಳಾಸವನ್ನು ವಿಚಾರಿಸಿ ಕಾಗದ ಬರೆದೆವು. ಅಂದು ನೀನು ಕೇಳಿದುದರಲ್ಲಿ ತಪ್ಪಿರಲಿಲ್ಲವೆಂದೂ, ನಿನ್ನ ಮಕ್ಕಳು ಕೇಳಿದರೆ ಸುಮ್ಮನಿರಿಸಬೇಡವೆಂದೂ ತಿಳಿಸಿದೆವು. ವಾಚಕರ ಮನೆಗಳಲ್ಲಿಯೂ ಮಕ್ಕಳಿರುವರಲ್ಲವೆ? ಅವರಿಗೂ ನಮ್ಮ ಮಾತು ಇಷ್ಟೆ.